ಫಾಲ್ಕನರ್ ಆಲ್ಬಂಗಳು: ಬಡತನದ ದನಿ ಯಾವುದರಲ್ಲಿ ಗಟ್ಟಿ?

2020ರಲ್ಲಿ ನಿಂತುಹೋದ ಸ್ವೀಡನ್ನಿನ ಫಾಲ್ಕನರ್ ತಂಡದ ಗಾಯಕನಾಗಿದ್ದ ಮಥಿಯಾಸ್ ಬ್ಲಾಡ್ ಸಂಗೀತ ನಾಟಕದ ನಟನೂ ಹೌದು. ತಂಡದ್ದು ಪವರ್ ಮೆಟಲ್, ಅಂದರೆ ವೇಗದ, ಅಬ್ಬರದ ರಾಕ್ ಸಂಗೀತ. ಅದು ಅಂದಮೇಲೆ ತಾರಕದಲ್ಲಿ ಕಿರುಚಲೇಬೇಕೆಂಬ ರೂಢಿ ಆತನಿಗಿಲ್ಲ. ಮಧ್ಯಸ್ಥಾಯಿಯಲ್ಲೇ ನಿಂತು ಅಕ್ಷರಕ್ಷರ ಬಿಡಿಸಿ ಹಾಡುತ್ತಾನೆ. ಹಳೆಯ ಕಾಲದ ಕಷ್ಟ ಹೇಳಲು ಹೇಳಿ ಮಾಡಿಸಿದ ಗಂಟಲು. ಒಂದೇ ಹೆಡ್‌ಫೋನ್, ಒಂದೇ ವಾಲ್ಯೂಮ್ ಇಟ್ಟು ಕೇಳಿದಾಗ ಮೂರು ಆಲ್ಬಂಗಳ ವ್ಯತ್ಯಾಸ ಹೀಗೆ ಕಂಡಿತು.

'ಚಾಪ್ಟರ್ಸ್ ಫ್ರಮ್ ಎ ವೇಲ್ ಫರ್ಲಾರ್ನ್' (2002) ಹೊಸಬರಿಗೆ ಸಲೀಸು. ಇಂಗ್ಲಿಷ್ ಸಾಹಿತ್ಯ, ಮೊದಲ ಸಲಕ್ಕೇ ಬಾಯಿಗೆ ಹತ್ತುವ ಪಲ್ಲವಿಗಳು. ಇದರ 'ವಿ ಸೋಲ್ಡ್ ಅವರ್ ಹೋಮ್‌ಸ್ಟೆಡ್ಸ್' ಮಧ್ಯಯುಗದ್ದೆಂದು ಅನೇಕರು ತಿಳಿದಿದ್ದಾರೆ. ಅಲ್ಲ, ಅದು 19ನೇ ಶತಮಾನದಲ್ಲಿ ಹೊಲಮನೆ ಮಾರಿ ಅಮೆರಿಕಕ್ಕೆ ಹೊರಟವರ ಜನಪದ ಹಾಡು. ಆಲ್ಬಂನ ಅತ್ಯಂತ ನಿಜವಾದ ಗಳಿಗೆಯೂ ಅದೇ.

'ದ ಸೆಪ್ಟರ್ ಆಫ್ ಡಿಸೆಪ್ಶನ್' (2003) ಅರಮನೆಯ ಕಥೆ, ಸ್ವೀಡನ್ನಿನ ಫೋಲ್ಕುಂಗ ರಾಜವಂಶದ ದಾಯಾದಿ ಜಗಳ. 1317ರಲ್ಲಿ ದೊರೆ ಬಿರ್ಯರ್ ತಮ್ಮಂದಿರಾದ ಎರಿಕ್, ವಾಲ್ಡೆಮಾರ್ ಇಬ್ಬರನ್ನೂ ನ್ಯೂಶೋಪಿಂಗ್ ಕೋಟೆಗೆ ಔತಣಕ್ಕೆ ಕರೆದು ಸೆರೆಗೆ ತಳ್ಳಿದ. ಅಲ್ಲೇ ಹಸಿವಿನಿಂದ ಸತ್ತರೆಂಬುದು ಪ್ರತೀತಿ. ವಸ್ತು ಇಷ್ಟು ಖಾರವಾಗಿದ್ದರೂ ಹಾಡಿಕೆ ಸಪ್ಪೆ. ಮುಖ್ಯ ಗಾಯಕ ಇಲ್ಲಿ ಬ್ಲಾಡ್ ಅಲ್ಲ, ಕ್ರಿಸ್ಟೋಫರ್ ಗೋಬೆಲ್. ಗಂಟಲು ಗಟ್ಟಿ, ಆದರೆ ಕಥೆ ಹೇಳುವ ನಾಟಕೀಯತೆ ಕಮ್ಮಿ.

'ಆರ್ಮೋದ್' (2011) ಬೇರೆಯೇ ಜಾತಿ. ಹೆಸರಿನ ಅರ್ಥವೇ ದಾರಿದ್ರ್ಯ. ಹಾಡಿಕೆ ಪೂರ್ತಿ ಸ್ವೀಡಿಷ್. ಭಾಷೆ ಗೊತ್ತಿಲ್ಲವೆಂದು ಹಿಂಜರಿಯಬೇಡಿ. ಸ್ವೀಡಿಷಿನಲ್ಲಿ 'ಆ' ಕಾರದಲ್ಲಿ ಮುಗಿಯುವ ಪದ ಬಹಳ, ಹಾಗಾಗಿ ಸಾಲಿನ ಕೊನೆಯ ಸ್ವರ ಎಳೆಯಲು ಜಾಗ ಸಿಗುತ್ತದೆ. ಬೋನಸ್ ಆವೃತ್ತಿಯಲ್ಲಿರುವ ಇಂಗ್ಲಿಷ್ ರೂಪಗಳನ್ನು ಪಕ್ಕದಲ್ಲಿಟ್ಟು ಕೇಳಿ: ಅದೇ ರಾಗ, ಆದರೆ ವ್ಯಂಜನಕ್ಕೆ ತಟ್ಟಿ ಸಾಲು ಮೊಟಕಾಗುತ್ತದೆ. 'ಗ್ರಿಮ್‌ಬೋರ್ಗ್' ಮಧ್ಯಯುಗದ ಲಾವಣಿ. ಇಂಥ ಲಾವಣಿಗಳಲ್ಲಿ ಎರಡು ಸಾಲಿನ ಕಥೆಗೆ ಮತ್ತೆ ಮತ್ತೆ ಬರುವ ಸೊಲ್ಲು ಅಂಟಿಕೊಂಡಿರುತ್ತದೆ, ನಮ್ಮ ಗೀಗೀ ಪದಕ್ಕೆ ಹಿಮ್ಮೇಳ ಹಿಡಿದಂತೆ.

ಕಿವಿ ತಪ್ಪುವುದು ಇದೇ ಆಲ್ಬಂನ 'ಎಕ್ಲುಂಡಪೋಲ್ಸ್ಕನ್' ತರಹದ ಕಡೆ. ಪೋಲ್ಸ್ಕ ಮೂರು ಎಣಿಕೆಯ ಕುಣಿತ, ಆದರೆ ವಾಲ್ಟ್ಸ್ ಅಲ್ಲ. ವಾಲ್ಟ್ಸಿನಲ್ಲಿ ಒತ್ತು ಒಂದರ ಮೇಲೆ ಮಾತ್ರ. ಇಲ್ಲಿ ಒಂದು ಮತ್ತು ಮೂರರ ಮೇಲೆ. ಪಾದದಿಂದ ಆ ಎರಡನ್ನೇ ತಟ್ಟುತ್ತ ಎರಡನೆಯದನ್ನು ಗಾಳಿಯಲ್ಲಿ ಬಿಡಿ. ನಾಲ್ಕು ಎಣಿಸುತ್ತ ಹೋದರೆ ಒತ್ತು ಜಾಗ ಬದಲಿಸುತ್ತ 'ಡ್ರಮ್ಮರ್ ತಪ್ಪಿದ' ಅನಿಸುತ್ತದೆ, ತಪ್ಪಿದ್ದು ಎಣಿಕೆ.

ಇನ್ನೊಂದು ಮಾತು: ಕಡಿಮೆ ಬಿಟ್‌ರೇಟಿನ ಸ್ಟ್ರೀಮ್‌ನಲ್ಲಿ ವೇಗದ ಭಾಗಗಳ ಡಬಲ್ ಬಾಸ್ ಡ್ರಮ್ಮೂ ಸಿಂಬಲ್ಲೂ ಕಲಸಿ ಮೊಸರಾಗುತ್ತವೆ. ಬಾಸ್ ಬೂಸ್ಟ್ ಆಫ್ ಮಾಡಿ, ಷಫಲ್ ತೆಗೆಯಿರಿ. 'ಆರ್ಮೋದ್'ನ ಕೊನೆಗೆ ಬರುವ, ಸ್ವೀಡನ್ನಿನ ದಾಲಾರ್ನ ಸೀಮೆಯ ಬೆಟ್ಟದ ದನಗಾಹಿ ಕೀರ್ತನೆಯ ರಾಗ ಅಷ್ಟೆಲ್ಲ ಗದ್ದಲ ಕಳೆದ ಮೇಲೆಯೇ ಕೇಳಬೇಕಾದ್ದು. ಬೋನಸ್ ಶುರುವಾಗುವ ಮೊದಲು ಪ್ಲೇಯರ್ ನಿಲ್ಲಿಸಿಬಿಡಿ.