ಸ್ಟಾರ್ಟರ್ ಹೋಗಿದೆ ಅಂದ ತಕ್ಷಣ ದುಡ್ಡು ಕೊಡಬೇಡಿ

ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು, ಅದರಲ್ಲೂ ಹಿಮ ಬೀಳುವ ಊರಿನಲ್ಲಿರುವವರು ದಯವಿಟ್ಟು ಇದನ್ನು ಓದಿ. ಬೇಡದ ಕೆಲಸಕ್ಕೆ ನಾನು 640 ಡಾಲರ್ ಕಳೆದುಕೊಂಡೆ. ಕಾರಿಗೆ ಬೆಂಕಿ ಹತ್ತುವುದೊಂದು ಬಾಕಿ ಇತ್ತು.

ನಾನಿರುವುದು ನ್ಯೂಜೆರ್ಸಿಯಲ್ಲಿ. ಕಾರು 1995ರ ಮಜ್ದಾ ಮಿಯಾಟಾ, ಮ್ಯಾನುಯಲ್ ಗೇರ್. ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಕ್ಲಚ್ ಒತ್ತಿ ಕೀ ತಿರುಗಿಸಿದರೆ ‘ಟಕ್’ ಅಂತ ಒಂದೇ ಶಬ್ದ. ಹೆಡ್‌ಲೈಟ್ ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ಗ್ಯಾರೇಜಿನವರು ಆ ಶಬ್ದ ಕೇಳಿಯೇ ಸ್ಟಾರ್ಟರ್ (ಇಂಜಿನ್ ತಿರುಗಿಸಿ ಶುರು ಮಾಡುವ ಮೋಟರ್) ಹೋಗಿದೆ ಅಂದರು. ವೋಲ್ಟ್ ಅಳೆಯುವ ಮೀಟರ್ ಹಿಡಿಯಲೇ ಇಲ್ಲ. ಈ ಕಾರಿನಲ್ಲಿ ಸ್ಟಾರ್ಟರ್ ಇರುವುದು ಇಂಟೇಕ್ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳು) ಕೆಳಗೆ, ಕೈ ಹೋಗದ ಜಾಗದಲ್ಲಿ. ಕೂಲಿಯೇ ಜಾಸ್ತಿ. 460 ಡಾಲರ್ ಆಯಿತು.

ಹತ್ತು ದಿನಕ್ಕೆ ಮತ್ತೆ ‘ಟಕ್’. ಈ ಸಲ ಬ್ಯಾಟರಿ ಅಂದರು, 180 ಡಾಲರ್. ನಾಲ್ಕೇ ದಿನ. ಆಫೀಸಿನ ಪಾರ್ಕಿಂಗ್‌ನಲ್ಲಿ ಐದಾರು ಸಲ ಕೀ ತಿರುಗಿಸಿದಾಗ ಸುಟ್ಟ ವಾಸನೆ ಬಂತು. ಬಾನೆಟ್ ಎತ್ತಿದರೆ ಆಕ್ಸಿಲರೇಟರ್ ಕೇಬಲ್ ಮುಟ್ಟಲಾಗದಷ್ಟು ಬಿಸಿ! ಇಲ್ಲೇ ಇರುವ ಶಿವಮೊಗ್ಗ ಕಡೆಯ ಗೆಳೆಯನಿಗೆ ಫೋನ್ ಮಾಡಿದೆ. “ಅರ್ತಿಂಗ್ ಹೋಗಿದೆ ಕಣೋ, ಇನ್ನು ಕೀ ಮುಟ್ಟಬೇಡ” ಅಂದ.

ಈ ಹಳೆಯ ಮಿಯಾಟಾದಲ್ಲಿ ಬ್ಯಾಟರಿ ಇರುವುದು ಹಿಂದೆ, ಡಿಕ್ಕಿಯಲ್ಲಿ. ಸ್ಟಾರ್ಟರ್ ಎಳೆಯುವ ಕರೆಂಟ್ ಇಂಜಿನ್‌ನಿಂದ ಅರ್ತ್ ವೈರ್ ಮೂಲಕ ಕಾರಿನ ಬಾಡಿಯ ಲೋಹಕ್ಕೆ ಬಂದು, ಬಾಡಿಯಿಂದ ಬ್ಯಾಟರಿಗೆ ಮರಳಬೇಕು. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ಆ ವೈರಿನ ತುದಿಯನ್ನು ತಿಂದುಹಾಕಿತ್ತು. ದಾರಿ ಇಲ್ಲದ ಕರೆಂಟ್ ಇಂಜಿನ್ನಿಗೂ ಬಾಡಿಗೂ ತಾಗಿರುವ ಸಣ್ಣ ಆಕ್ಸಿಲರೇಟರ್ ಕೇಬಲ್‌ಗೆ ನುಗ್ಗಿತ್ತು.

ಸಂಜೆ ಅವನು ಮಲ್ಟಿಮೀಟರ್ ತಂದ. ಬ್ಯಾಟರಿ 12.6 ವೋಲ್ಟ್. ಕೀ ತಿರುಗಿಸಿದಾಗಲೂ 12ರ ಕೆಳಗೆ ಇಳಿಯಲಿಲ್ಲ. ಅಂದರೆ ಸ್ಟಾರ್ಟರ್‌ಗೆ ಬೇಕಾದಷ್ಟು ಕರೆಂಟ್ ಹರಿಯುತ್ತಲೇ ಇಲ್ಲ. ಆಮೇಲೆ ಮೀಟರಿನ ಒಂದು ವೈರ್ ಇಂಜಿನ್ ಬ್ಲಾಕಿಗೆ, ಇನ್ನೊಂದು ಕಾರಿನ ಬಾಡಿಯ ಲೋಹಕ್ಕೆ ಹಿಡಿದು, ನನಗೆ ಒಂದೇ ಒಂದು ಸಲ ಕೀ ತಿರುಗಿಸಲು ಹೇಳಿದ. ಅಲ್ಲಿ ಸುಮಾರು 0.2 ವೋಲ್ಟ್ ದಾಟಬಾರದು. ನಮಗೆ ಬಂದದ್ದು 4ಕ್ಕಿಂತ ಜಾಸ್ತಿ. ಅಂದರೆ ಕೆಟ್ಟಿದ್ದು ಅರ್ತ್ ವೈರೇ.

18 ಡಾಲರಿನ ಹೊಸ ವೈರ್ ತಂದೆವು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆವು. ಇದನ್ನು ಮಾತ್ರ ಮರೆಯಬೇಡಿ, ಸ್ಟಾರ್ಟರಿನ ದಪ್ಪ ಕೇಬಲ್‌ನಲ್ಲಿ ಕೀ ಆಫ್ ಇದ್ದರೂ ಕರೆಂಟ್ ಇರುತ್ತದೆ. ವೈರ್ ಕೂರುವ ಎರಡೂ ಕಡೆ ತುಕ್ಕು ಉಜ್ಜಿ, ಬೋಲ್ಟ್ ಬಿಗಿ ಮಾಡಿದೆವು. ಅರ್ಧ ಗಂಟೆಯ ಕೆಲಸ. ಅವತ್ತಿನಿಂದ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿದೆ.

ನಿಜಕ್ಕೂ ಕೆಟ್ಟಿತ್ತಾ ಅಂತ ನೋಡೋಣ ಅಂತ ಹಳೆಯ ಸ್ಟಾರ್ಟರ್ ಕೇಳಲು ಗ್ಯಾರೇಜಿಗೆ ಹೋದೆ. ಅದನ್ನು ಆಗಲೇ ಬೇರೆ ಕಡೆ ಕಳಿಸಿಬಿಟ್ಟಿದ್ದರು. ನೀವು ಕೆಲಸ ಶುರುವಾಗುವ ಮುಂಚೆಯೇ ಹಳೆಯ ಪಾರ್ಟ್ ವಾಪಸ್ ಬೇಕು ಅಂತ ಬರೆಸಿ. ಅರ್ತ್ ಕಡೆ ಎಷ್ಟು ವೋಲ್ಟ್ ಬಂತು ಅನ್ನುವುದನ್ನೂ ಬರೆಸಿಕೊಳ್ಳಿ.