ಹಳೆ ಹೆರಾಲ್ಡ್ ಸೀಟಿಗೆ ಹೊಸ ರಬ್ಬರ್ ಪಟ್ಟಿ – ಶಿವಮೊಗ್ಗ ಆಟೋ ಕಾಂಪ್ಲೆಕ್ಸ್ ಕಡೆ ಒಂದು ಕುಶನ್ ಅಂಗಡಿ

ಹಳೆ ಕಾರಿನ ಸೀಟ್ ಕುಸಿದಿದೆ ಅಂತ ನಮ್ಮೂರಲ್ಲಿ ಯಾವ ಕುಶನ್ ಅಂಗಡಿಗೆ ಹೋದ್ರೂ ಹೇಳೋದು ಒಂದೇ, ಫೋಮ್ ಹೋಗಿದೆ ಸಾರ್ ಹೊಸದು ಹಾಕಿ ರೆಕ್ಸಿನ್ ಹೊಲ್ದು ಕೊಡ್ತೀವಿ. ದುಡ್ಡೂ ಹೋಗುತ್ತೆ, ಮುಂದಿನ ಮಳೆಗಾಲ ಮುಗಿಯೋಷ್ಟ್ರಲ್ಲಿ ಮತ್ತೆ ಅದೇ ಗುಂಡಿ. ಈ ಅಂಗಡಿಯವ್ರು ಹಂಗೆ ಮಾಡ್ಲಿಲ್ಲ ಅದಕ್ಕೇ ಬರೀತಿದೀನಿ.

ನಮ್ದು ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡನ್ನೇ 1961ರಿಂದ ಮದ್ರಾಸಲ್ಲಿ ಮಾಡ್ತಿದ್ರಲ್ಲ, ಅದು. ಇದರ ಮುಂದಿನ ಸೀಟಿನ ಅಡಿಗೆ ಸ್ಪ್ರಿಂಗ್ ಗಿಂಗ್ ಎಂತದೂ ಇಲ್ಲ, ಪೈಪಿನ ಫ್ರೇಮಿಗೆ ಅಡ್ಡಡ್ಡ ರಬ್ಬರ್ ಪಟ್ಟಿ ಎಳೆದು ಕೊಕ್ಕೆ ಸಿಗ್ಸಿರ್ತಾರೆ, ಫೋಮ್ ಕೂರೋದು ಅದರ ಮೇಲೆ. ಬರೀ ರಬ್ಬರ್ ಅಲ್ಲ ಅದು, ಒಳಗೆ ದಾರದ ಪದರ ಓರೆಯಾಗಿ ಕೂತಿರುತ್ತೆ, ಹಂಗಾಗಿ ಒಂದು ಮಟ್ಟಕ್ಕೆ ಹಿಗ್ಗಿ ನಿಂತು ವಾಪಸ್ ಬರುತ್ತೆ. ಪಿರೆಲಿ ಪಟ್ಟಿ ಅಂತಾರೆ, ಟೈರ್ ಮಾಡೋ ಪಿರೆಲಿನೇ. ವಯಸ್ಸಾದ್ರೆ ಗಟ್ಟಿಯಾಗಿ ಬಿರುಕು ಬಿಡುತ್ತೆ, ಇನ್ನು ನಮ್ಮ ಮಲೆನಾಡಿನ ಥಂಡಿಗೆ ಕೊಕ್ಕೆ ತುಕ್ಕು ಹಿಡಿಯೋದು ಕೇಳ್ಬೇಡಿ. ನಮ್ಮ ಡ್ರೈವರ್ ಸೀಟ್ ಎಷ್ಟು ಕುಸಿದಿತ್ತು ಅಂದ್ರೆ ಸ್ಟೀರಿಂಗ್ ಸಂದಿಯಿಂದ ರೋಡ್ ನೋಡ್ಬೇಕು, ತೀರ್ಥಹಳ್ಳಿಗೆ ಹೊರಟ್ರೆ ಮಂಡಗದ್ದೆ ಹತ್ರಾನೇ ಸೊಂಟ ಹಿಡ್ಕೊಳ್ತಿತ್ತು.

ಅಂಗಡಿಯವ್ರು ಮಾಡಿದ ಮೊದಲ ಕೆಲಸ ಸೀಟ್ ಬಿಚ್ಚಿ ಬೋರಲು ಹಾಕಿದ್ದು. ಒಂದು ಪಟ್ಟಿ ಬೆರಳಲ್ಲಿ ಮಡಚಿದ್ರು, ಚಟ್ ಅಂತ ಮುರೀತು, ಕೈಯೆಲ್ಲಾ ಕಪ್ಪು ಪುಡಿ. "ಮೇಲಿಂದು ಚೆನ್ನಾಗಿದೆ ಸಾರ್, ಅದಕ್ಯಾಕೆ ದುಡ್ಡು ಹಾಕ್ತೀರಾ" ಅಂದ್ರು. ಹಿಂದೆ ಯಾರೋ ಮಂಚದ ನವಾರು ಬೇರೆ ಕಟ್ಟಿದ್ರು, ಅದು ಹಿಗ್ಗೋದೇ ಇಲ್ಲ, ಗುಂಡಿಗೆ ಬಿದ್ದ ಏಟೆಲ್ಲಾ ನೇರ ಬೆನ್ನಿಗೆ. ಲಾರಿ ಟ್ಯೂಬ್ ಕತ್ತರಿಸಿ ಹಾಕಿದ್ರೆ ಆಗಲ್ವಾ ಅಂದೆ, ಟ್ಯೂಬಲ್ಲಿ ದಾರ ಇಲ್ಲ ಎಳ್ಕೊಂಡು ಜೋತು ಬೀಳುತ್ತೆ ಅಂದ್ರು. ಸರಿಯಾದ ಮಾತೇ.

ಎರಡು ಇಂಚಿನ ಪಟ್ಟಿ ರೋಲ್ ಬೆಂಗಳೂರಿಂದ ತರ್ಸಿದ್ರು. ಫ್ರೇಮಿನ ಅಗಲಕ್ಕಿಂತ ಸುಮಾರು ಹತ್ತನೇ ಒಂದು ಭಾಗ ಕಮ್ಮಿ ಇಟ್ಟು ಎಲ್ಲಾನೂ ಒಂದೇ ಅಳತೆಗೆ ಕತ್ತರಿಸಿ, ತುದಿಗೆ ಕಬ್ಬಿಣದ ಕ್ಲಿಪ್ ಹಾಕಿ ವೈಸಲ್ಲಿ (ಮೇಜಿಗೆ ಬಿಗಿದಿರೋ ಕಬ್ಬಿಣದ ಹಿಡಿಕೆ) ಒತ್ತಿದ್ರು. ಇದೇ ನೋಡಿ ಮುಖ್ಯ, ಸಡಿಲ ಆದ್ರೆ ಮತ್ತೆ ಗುಂಡಿ, ಜಾಸ್ತಿ ಬಿಗಿ ಆದ್ರೆ ಹಲಗೆ ಮೇಲೆ ಕೂತಂಗೆ. ಪಟ್ಟಿ ಅಂಚು ಫೋಮನ್ನ ಕೊಯ್ಯದೆ ಇರ್ಲಿ ಅಂತ ನಡುವೆ ಗೋಣಿಬಟ್ಟೆ ಹಾಕಿದ್ದು ಅವರದೇ ಐಡಿಯಾ. ಫ್ರೇಮಿಗೆ ತುಕ್ಕು ತಡೆಯೋ ರೆಡ್ ಆಕ್ಸೈಡ್ ಬಣ್ಣ ಮಾತ್ರ ನಾನೇ ಹೇಳಿ ಹೊಡೆಸಿದ್ದು, ನೀವೂ ಕೇಳಿ ಹೊಡ್ಸಿ, ತಾವಾಗೇ ಹೊಡೆಯಲ್ಲ.

ಎರಡೂ ಸೀಟಿಗೆ 3,800 ತಗೊಂಡ್ರು. ಈಗ ಬಾನೆಟ್ ಪೂರ್ತಿ ಕಾಣುತ್ತೆ, ಆಗುಂಬೆ ಘಾಟಿ ತಿರುವಲ್ಲಿ ಒಂದು ಕಡೆಗೆ ವಾಲೋದು ನಿಂತಿದೆ.

ಬೇಜಾರು ಅಂದ್ರೆ ಟೈಮು. ನಾಳೆ ಬನ್ನಿ ಸಾರ್ ಅಂತ ಎಷ್ಟು ಓಡಾಡ್ಸಿದ್ರು ಅಂದ್ರೆ ಕೊನೆಗೆ ಅಲ್ಲೇ ಟೀ ಕುಡ್ಕೊಂಡು ಕೂತ್ಬಿಟ್ಟೆ, ಫೋನಂತೂ ಎತ್ತಲ್ಲ ಮಾರಾಯ್ರೆ. ಇನ್ನೊಂದು, ಬಿಚ್ಚಿದ ಹೊಲಿಗೇನ ಮರೂನ್ ರೆಕ್ಸಿನ್ ಮೇಲೆ ಕಪ್ಪು ದಾರದಲ್ಲಿ ಹೊಲ್ದಿದಾರೆ, ಕೇಳಿದ್ರೆ ಹಿಂದುಗಡೆ ಯಾರು ನೋಡ್ತಾರೆ ಅಂತಾರೆ. ನಾನು ನೋಡ್ತೀನಲ್ಲ!

ಹೋಗೋರು ಒಂದೊಂದೇ ಸೀಟ್ ಬಿಚ್ಚಿ ಕೊಡಿ, ಎರಡೂ ಕೊಟ್ರೆ ಗಾಡಿ ಶೆಡ್ಡಲ್ಲೇ. ಮತ್ತೆ ಬೆಳಿಗ್ಗೆ ಹೊತ್ತು ಹೋಗಿ, ಬಸ್ ಸೀಟಿನ ಕೆಲಸ ಬಂತು ಅಂದ್ರೆ ನಿಮ್ಮ ಕಡೆ ತಿರುಗಿ ಕೂಡ ನೋಡಲ್ಲ.