ತಲಕಾಡು–ಸೋಮನಾಥಪುರ ಒಂದು ದಿನದ ಪ್ರವಾಸ: ಮಾರ್ಗದರ್ಶಿ ಸಹಿತ ಕಾರು ಸೇವೆ

ಶ್ರೀರಂಗಪಟ್ಟಣದ ಕೋಟೆಯನ್ನೂ ಮೇಲುಕೋಟೆಯನ್ನೂ ನಮ್ಮಷ್ಟಕ್ಕೆ ನಾವೇ ನೋಡಿ ಮುಗಿಸಿ, ಕುಟುಂಬ ಪ್ರವಾಸದ ಕೊನೆಯ ದಿನಕ್ಕೆ ಮಾತ್ರ ಮೈಸೂರಿನ ಈ ಪ್ರವಾಸಿ ಸಂಸ್ಥೆಯಿಂದ ಕಾರನ್ನೂ ಮಾರ್ಗದರ್ಶಿಯನ್ನೂ ಗೊತ್ತುಮಾಡಿಕೊಂಡಿದ್ದೆವು. ಮಂಡಿನೋವಿನ ಅತ್ತೆಯವರು, ಹುಬ್ಬಳ್ಳಿಯಿಂದ ಬಂದಿದ್ದ ತಂಗಿಯ ಸಂಸಾರ, ಪ್ರೌಢಶಾಲೆಗೆ ಹೋಗುವ ಮಕ್ಕಳು ಜೊತೆಗಿದ್ದರು. ಅಷ್ಟು ಹೊತ್ತಿಗೆ ಎಲ್ಲರೂ ದಣಿದಿದ್ದರು. ಮಕ್ಕಳಿಗಂತೂ ಹಳೆಯ ಕಲ್ಲುಕಟ್ಟಡಗಳೆಲ್ಲ ಒಂದೇ ಬಗೆಯಾಗಿ ಕಾಣತೊಡಗಿದ್ದವು. ಹಾಗಿದ್ದೂ ಇಡೀ ಪ್ರವಾಸದಲ್ಲಿ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಆ ದಿನವೇ. ಅದರ ಶ್ರೇಯಸ್ಸು ಪೂರ್ತಿಯಾಗಿ ಮಾರ್ಗದರ್ಶಿಗೆ ಸಲ್ಲಬೇಕು.

ಸಂಸ್ಥೆಯವರು ಕಳುಹಿಸಿದ ಪಟ್ಟಿಯಲ್ಲಿ ಸೋಮನಾಥಪುರ ಬೆಳಿಗ್ಗೆಗೂ ತಲಕಾಡು ನಡುಮಧ್ಯಾಹ್ನಕ್ಕೂ ಇತ್ತು. ಮಾರ್ಗದರ್ಶಿ ಕಾರು ಹತ್ತಿದೊಡನೆ ಅದನ್ನು ಅದಲುಬದಲು ಮಾಡಿಸಿದರು. ಬಿಸಿಲೇರಿದ ಮೇಲೆ ತಲಕಾಡಿನ ಮರಳಿನಲ್ಲಿ ವಯಸ್ಸಾದವರನ್ನು ನಡೆಸುವುದು ಸರಿಯಲ್ಲವೆಂಬುದು ಒಂದು ಕಾರಣ. ಸೋಮನಾಥಪುರದ ಗುಡಿ ಪೂರ್ವಾಭಿಮುಖವಾಗಿರುವುದರಿಂದ ಅದರ ಹಿಂಬದಿಯ ಗೋಡೆಗಳಿಗೆ ಇಳಿಹೊತ್ತಿನ ಬಿಸಿಲು ಬಿದ್ದಾಗಲೇ ಕೆತ್ತನೆ ಎದ್ದು ಕಾಣುತ್ತದೆ ಎಂಬುದು ಇನ್ನೊಂದು. ಎರಡೂ ನಿಜವಾದವು.

ತಲಕಾಡಿನಲ್ಲಿ ಅಲಮೇಲಮ್ಮನ ಶಾಪದ ಕಥೆಯನ್ನು ಹೇಳಿ ಮುಗಿಸಿಬಿಡುವುದು ವಾಡಿಕೆ. ಇವರು ಆ ಕಥೆಯನ್ನು ಗೌರವದಿಂದಲೇ ಹೇಳಿದರು, ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ಗಂಗರ ರಾಜಧಾನಿಯಾಗಿದ್ದ ಊರು ಚೋಳರ ಕೈಸೇರಿದ್ದು, 1116ರಲ್ಲಿ ವಿಷ್ಣುವರ್ಧನ ಅದನ್ನು ಗೆದ್ದು ‘ತಲಕಾಡುಗೊಂಡ’ ಎನಿಸಿಕೊಂಡದ್ದು, ಆ ಗೆಲುವಿನ ನೆನಪಿಗೆ ಕೀರ್ತಿನಾರಾಯಣ ಗುಡಿಯನ್ನು ಕಟ್ಟಿಸಿದ್ದು, ಕಾವೇರಿಯ ಪಾತ್ರದಲ್ಲಿ ಬಯಲಾದ ಮರಳನ್ನು ಗಾಳಿ ಹೊತ್ತು ತಂದು ಊರಿನ ಮೇಲೆ ಸುರಿದಿರಬೇಕೆಂಬ ವಿದ್ವಾಂಸರ ವಾದ, ಇವೆಲ್ಲವನ್ನೂ ಪಾತಾಳೇಶ್ವರನ ಗುಡಿಗೆ ಇಳಿಯುವ ಮೆಟ್ಟಿಲುಗಳ ಬಳಿ ನಿಲ್ಲಿಸಿಕೊಂಡು ವಿವರಿಸಿದರು. ಕಣ್ಣೆದುರು ಗುಡಿ ತಗ್ಗಿನಲ್ಲಿ, ಸುತ್ತ ಮರಳಿನ ದಿಬ್ಬ ಎತ್ತರದಲ್ಲಿ. ಒಂದು ಊರು ಹೂತುಹೋಗುವುದೆಂದರೇನೆಂದು ಮಕ್ಕಳಿಗೆ ಬೇರೆ ಹೇಳಬೇಕಾಗಲಿಲ್ಲ.

ಸೋಮನಾಥಪುರದಲ್ಲಿ ಅವರ ಪಾಂಡಿತ್ಯ ಇನ್ನೂ ಚೆನ್ನಾಗಿ ಬೆಳಕಿಗೆ ಬಂತು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಈ ತ್ರಿಕೂಟ (ಮೂರು ಗರ್ಭಗುಡಿಗಳ) ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಷ್ಟನ್ನು ಫಲಕವೂ ಹೇಳೀತು. ಗುಡಿ ನಿಂತಿರುವ ಎತ್ತರದ ಕಟ್ಟೆಯಾದ ಜಗತಿಯ ಮೇಲೆ ಎಡಗಡೆಯಿಂದ ಪ್ರದಕ್ಷಿಣೆ ಹೊರಟರೆ ಮೊದಲು ರಾಮಾಯಣ, ಹಿಂಬದಿಯಲ್ಲಿ ಭಾಗವತ, ಕೊನೆಗೆ ಮಹಾಭಾರತ ಬರುತ್ತದೆಂದು ತೋರಿಸಿ, ಗೋಡೆಯನ್ನು ಓದುವ ಕ್ರಮವನ್ನೇ ಕಲಿಸಿದವರು ಇವರು. ಕೆಳಗಿನ ಪಟ್ಟಿಕೆಯಲ್ಲಿ ಆನೆಗಳು, ಅದರ ಮೇಲೆ ಕುದುರೆ ಸವಾರರು, ಅದರ ಮೇಲೆ ಬಳ್ಳಿ. ಆನೆಗಳ ಸಾಲಿನ ಮುಂದೆ ಕುಳ್ಳಿರಿಸಿ, ಒಂದು ಆನೆಯಂತೆ ಇನ್ನೊಂದಿದೆಯೇ ಹುಡುಕಿ ಎಂದು ಮಕ್ಕಳಿಗೆ ಬಿಟ್ಟರು. ಆಮೇಲೆ ವಿಗ್ರಹಗಳ ಪಾದದ ಕೆಳಗೆ ಶಿಲ್ಪಿ ಮಲ್ಲಿತಮ್ಮ ಕೊರೆದ ಹೆಸರನ್ನು ಬೆರಳು ತಾಗಿಸದೆ ತೋರಿಸಿದಾಗ, ಅದು ಕನ್ನಡದ್ದೇ ಅಕ್ಷರವೆಂದು ತಿಳಿದ ತಂಗಿಯ ಮಗಳು ಮುಂದಿನ ಪ್ರತಿಯೊಂದು ವಿಗ್ರಹದ ಬುಡದಲ್ಲೂ ಬಗ್ಗಿ ಹುಡುಕತೊಡಗಿದಳು. ಒಳಗೆ ಕತ್ತಲು ಹೆಚ್ಚು. ಅವರ ಟಾರ್ಚಿನ ಬೆಳಕಿಲ್ಲದಿದ್ದರೆ ಭುವನೇಶ್ವರಿಯ, ಅಂದರೆ ಕೆತ್ತನೆಯ ಒಳಮಾಡಿನ, ನಡುವಿನಿಂದ ಬಾಳೆಮೂತಿಯಂತೆ ಇಳಿಬಿದ್ದ ಗೊಂಚಲನ್ನು ನಾವು ಗಮನಿಸುತ್ತಲೇ ಇರಲಿಲ್ಲ.

ಅತ್ತೆಯವರಿಗೆ ಜಗತಿಯ ಮೇಲೆ ಪೂರ್ತಿ ಸುತ್ತುವುದು ಆಗಲಿಲ್ಲ. “ಅಮ್ಮ, ನೀವು ಇಲ್ಲೇ ಕೂತ್ಕೊಳ್ಳಿ, ಇಲ್ಲಿಂದ ಕಾಣೋ ಗೋಡೆ ಕಥೆ ನಿಮಗೆ ಬೇರೆ ಹೇಳ್ತೀನಿ” ಎಂದವರು ಮಾತಿಗೆ ತಪ್ಪದೆ ಹಿಂತಿರುಗಿ ಬಂದು ಹೇಳಿದರು. ಹಣ ಕೊಟ್ಟು ಪಡೆದ ಸೇವೆಯಲ್ಲಿ ಇಂಥ ಆಸ್ಥೆಯನ್ನು ನಿರೀಕ್ಷಿಸುವಂತಿಲ್ಲ. ಹಾಗಾಗಿ ವಿಶೇಷವಾಗಿ ಬರೆಯುತ್ತಿದ್ದೇನೆ.

ಕಾರು ಸ್ವಚ್ಛವಾಗಿತ್ತು, ಚಾಲಕರು ಸಮಾಧಾನದಿಂದ ಓಡಿಸಿದರು. ಆದರೆ ಸಂಸ್ಥೆಯ ಕಚೇರಿಯವರ ಲೆಕ್ಕಾಚಾರ ತೃಪ್ತಿಕರವಾಗಿರಲಿಲ್ಲ. ಬುಕ್ ಮಾಡುವಾಗ ‘ಎಲ್ಲ ಸೇರಿ’ ಎಂದಿದ್ದ ದರದಲ್ಲಿ ಪ್ರವೇಶ ಶುಲ್ಕವಾಗಲಿ ಪಾರ್ಕಿಂಗ್ ಆಗಲಿ ಸೇರಿರಲಿಲ್ಲವೆಂಬುದು ಸಂಜೆ ಬಿಲ್ ಕೈಗೆ ಬಂದಾಗಲೇ ತಿಳಿಯಿತು. ಮೊತ್ತ ದೊಡ್ಡದಲ್ಲ, ಆದರೂ ಮೊದಲೇ ಬರೆದು ಕೊಡಬೇಕಾದದ್ದು ಅವರ ಕರ್ತವ್ಯ. ಊಟದ ಏರ್ಪಾಡೂ ಅಷ್ಟಕ್ಕಷ್ಟೆ. ಅವರು ಗೊತ್ತುಮಾಡಿದ್ದ ಹೋಟೆಲಿನಲ್ಲಿ ನಾವು ತಲುಪುವ ವೇಳೆಗೆ ಅನ್ನ, ಸಾರು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಹಿರಿಯರೂ ಮಕ್ಕಳೂ ಇರುವವರು ಮೊಸರನ್ನವನ್ನಾದರೂ ಕಟ್ಟಿಕೊಂಡು ಹೋಗುವುದು ಕ್ಷೇಮ. ಗುಡಿಯ ಬಳಿ ಚಪ್ಪಲಿ ಬಿಡಬೇಕಾಗುವುದರಿಂದ, ಕಾದ ಕಲ್ಲಿನ ಮೇಲೆ ನಡೆಯಲು ಕಾಲುಚೀಲವೂ ಬೇಕು.

ಈ ಸಂಸ್ಥೆಯನ್ನೇ ಆರಿಸಿಕೊಳ್ಳುವವರು ಬರಿಯ ಕಾರನ್ನು ಪಡೆಯದೆ ಮಾರ್ಗದರ್ಶಿಯನ್ನೂ ಕೇಳಿ ಪಡೆಯಬೇಕು, ಯಾವುದು ದರದಲ್ಲಿ ಸೇರಿದೆ ಎಂಬುದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಬೇಕು, ತಲಕಾಡನ್ನು ಬೆಳಿಗ್ಗೆಗೇ ಇಡಬೇಕೆಂದು ಪಟ್ಟುಹಿಡಿಯಬೇಕು.